ನಡುರಾತ್ರಿಯಿಂದ ನೀರೂ ಬೇಡವೇ?

ಕೇಳುಗರಿಗೆ ನಮಸ್ಕಾರ.

ಶಸ್ತ್ರಚಿಕಿತ್ಸೆಯಲ್ಲಿ ಹೊಸತೇನು ಬಂದಿದೆ ಎಂದು ಕೇಳಿದರೆ ರೋಬೋಟ್, ಲೇಸರ್ ಎಂಬ ಹೆಸರುಗಳೇ ಮೊದಲು ಕೇಳಿಬರುತ್ತವೆ. ಇವತ್ತು ಆ ಕಡೆ ಹೋಗುವುದಿಲ್ಲ. ರೋಗಿಗಳಿಗೆ ನಿಜವಾಗಿ ಉಪಕಾರ ಮಾಡಿದ ಸಂಶೋಧನೆಗಳಲ್ಲಿ ಹಲವು ತೀರಾ ಸಪ್ಪೆ ಪ್ರಶ್ನೆಗಳಿಂದ ಹುಟ್ಟಿದವು. ಆಪರೇಷನ್ ದಿನ ಬೆಳಿಗ್ಗೆ ನೀರು ಕುಡಿಯಬಹುದೇ? ಹೊಟ್ಟೆ ಮುಚ್ಚುವ ಮೊದಲು ಗ್ಲೌಸ್ ಬದಲಿಸಬೇಕೇ? ಒಂದು ಹೊಲಿಗೆಗೂ ಮುಂದಿನದಕ್ಕೂ ನಡುವೆ ಎಷ್ಟು ಜಾಗ ಬಿಡಬೇಕು? ಹಿಂದಿನಿಂದ ನಡೆದುಬಂದ ರೂಢಿಗಳನ್ನು ಒಂದೊಂದಾಗಿ ಹಿಡಿದು ಪರೀಕ್ಷೆಗೆ ಒಡ್ಡಿದಾಗ ಕೆಲವು ಗೆದ್ದವು, ಕೆಲವು ಬಿದ್ದವು.

ಮೊದಲು ನೀರಿನ ವಿಷಯ. ‘ರಾತ್ರಿ ಹನ್ನೆರಡರ ಮೇಲೆ ಒಂದು ತೊಟ್ಟು ನೀರೂ ಬೇಡ’ ಎನ್ನುವ ಮಾತು ಕೇಳದ ಮನೆಯಿಲ್ಲ. ಅದರ ಹಿಂದಿರುವ ಭಯಕ್ಕೆ ಕಾರಣವಿದೆ. 1946ರಲ್ಲಿ ನ್ಯೂಯಾರ್ಕಿನ ಪ್ರಸೂತಿ ವೈದ್ಯ ಕರ್ಟಿಸ್ ಮೆಂಡೆಲ್ಸನ್ 44,016 ಹೆರಿಗೆಗಳ ದಾಖಲೆ ಪರಿಶೀಲಿಸಿ, 66 ತಾಯಂದಿರಲ್ಲಿ ಅರಿವಳಿಕೆಯ ಹೊತ್ತಿನಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದಿದೆ ಎಂದು ವರದಿ ಮಾಡಿದರು. ಅರಿವಳಿಕೆ ಕೊಟ್ಟಾಗ ಗಂಟಲಿನ ಕಾವಲು ಸಡಿಲಾಗುತ್ತದೆ; ಕೆಮ್ಮಿ ಹೊರಹಾಕುವ ಶಕ್ತಿ ಇರುವುದಿಲ್ಲ. ಜಠರದ ಆಮ್ಲ ಶ್ವಾಸಕೋಶಕ್ಕೆ ಹೋದರೆ ಒಳಗೆ ಸುಟ್ಟಂತೆಯೇ. ಗಟ್ಟಿ ಆಹಾರದ ತುಣುಕು ಹೋದರೆ ಉಸಿರೇ ಕಟ್ಟುತ್ತದೆ.

ಆದರೆ ಅನ್ನಕ್ಕೂ ನೀರಿಗೂ ಒಂದೇ ನಿಯಮ ಹೇಳಿದ್ದೇ ಎಡವಟ್ಟಾಯಿತು. ಆರೋಗ್ಯವಂತರ ಜಠರದಿಂದ ತಿಳಿಯಾದ ನೀರು ಬಹಳ ಬೇಗ ಕೆಳಗಿಳಿಯುತ್ತದೆ. ಎರಡು ಗಂಟೆಯಾಗುವ ಹೊತ್ತಿಗೆ ಬಹುಪಾಲು ಖಾಲಿ. ಅನ್ನ, ರೊಟ್ಟಿ, ಎಣ್ಣೆಯಲ್ಲಿ ಕರಿದದ್ದು ಹಾಗಲ್ಲ. ಇದನ್ನು ನೋಡಿಯೇ ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲಿ ಲಿಖಿತ ಸೂಚನೆ ಹೊರಡಿಸಿತು. ಲೆಕ್ಕ ಇಷ್ಟು: ತಿಳಿಯಾದ ದ್ರವಕ್ಕೆ 2 ಗಂಟೆ, ಎದೆಹಾಲಿಗೆ 4, ಹಸುವಿನ ಹಾಲು ಮತ್ತು ಹಗುರ ಊಟಕ್ಕೆ 6, ಕರಿದ ತಿಂಡಿ, ಮಾಂಸಕ್ಕೆ 8 ಅಥವಾ ಹೆಚ್ಚು.

ತಿಳಿಯಾದ ದ್ರವ ಅಂದರೆ ಯಾವುದು? ಲೋಟದ ಹಿಂದೆ ಪತ್ರಿಕೆ ಹಿಡಿದರೆ ಅಕ್ಷರ ಓದಲು ಬರಬೇಕು ಎಂಬ ಗುರುತು ಸಾಕು. ನೀರು, ಸಕ್ಕರೆ ನೀರು, ಸೋಸಿದ ಸೇಬಿನ ರಸ ಸರಿ. ಹಾಲಿಲ್ಲದ ಚಹಾ, ಕಾಫಿಯೂ ಈ ಲೆಕ್ಕಕ್ಕೇ ಸೇರುತ್ತವೆ. ಮಜ್ಜಿಗೆ, ಗಂಜಿ, ರಾಗಿ ಅಂಬಲಿ ಸೇರುವುದಿಲ್ಲ. ನಮ್ಮಲ್ಲಿ ಎಡವುವುದು ಫಿಲ್ಟರ್ ಕಾಫಿಯ ಹತ್ತಿರ: ‘ಅರ್ಧ ಲೋಟ ಕಾಫಿ ಅಷ್ಟೇ’ ಎಂದು ಬೆಳಿಗ್ಗೆ ಆರಕ್ಕೆ ಕುಡಿದವರ ಆಪರೇಷನ್ ಎಂಟಕ್ಕೆ ನಡೆಯಲಾರದು, ಏಕೆಂದರೆ ಅದರಲ್ಲಿ ಅರ್ಧ ಹಾಲು. ಕುಡಿದಿದ್ದರೆ ಮುಚ್ಚಿಡಬೇಡಿ, ಹೇಳಿಬಿಡಿ. ಆಪರೇಷನ್ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ಹನ್ನೆರಡು, ಹದಿನಾಲ್ಕು ಗಂಟೆ ನೀರಿಲ್ಲದೆ ಇದ್ದರೆ ಆಗುವ ಕೆಡುಕನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಮೈಯಲ್ಲಿ ನೀರಿನಂಶ ಇಳಿದು ಅರಿವಳಿಕೆ ಕೊಟ್ಟ ಕ್ಷಣ ರಕ್ತದೊತ್ತಡ ಕುಸಿಯಬಹುದು, ಸೂಜಿ ಹಾಕಲು ನರ ಸಿಗುವುದಿಲ್ಲ, ತಲೆನೋವು, ಚಡಪಡಿಕೆ. ಮಕ್ಕಳು, ವಯಸ್ಸಾದವರಿಗೆ ಇನ್ನೂ ಕಷ್ಟ. ಅದರಲ್ಲೂ ಪಟ್ಟಿಯಲ್ಲಿ ಮೂರನೆಯವರಾಗಿದ್ದರೆ ಉಪವಾಸ ಮಧ್ಯಾಹ್ನದವರೆಗೂ ಎಳೆಯುತ್ತದೆ. ಹಾಗಾಗಿ ಕೇಳಬೇಕಾದದ್ದು ‘ನನ್ನ ಸರದಿ ಎಷ್ಟು ಗಂಟೆಗೆ, ನೀರು ಎಲ್ಲಿಯವರೆಗೆ ಕುಡಿಯಬಹುದು’ ಎಂದು.

ಈ ಎರಡು ಗಂಟೆಯ ಲೆಕ್ಕ ಎಲ್ಲರಿಗೂ ಅನ್ವಯಿಸದು. ಕರುಳು ಕಟ್ಟಿಕೊಂಡವರು, ಹೆರಿಗೆ ನೋವು ಶುರುವಾದವರು, ಬಹುಕಾಲದ ಸಕ್ಕರೆ ಕಾಯಿಲೆಯಿಂದ ಜಠರ ನಿಧಾನವಾದವರು, ತುರ್ತು ಶಸ್ತ್ರಚಿಕಿತ್ಸೆಗೆ ಬಂದವರು, ಇವರೆಲ್ಲರ ಹೊಟ್ಟೆ ತುಂಬಿದೆ ಎಂದೇ ಭಾವಿಸಿ ಅರಿವಳಿಕೆ ಕೊಡಬೇಕು. ಈಚೆಗೆ ಈ ಗುಂಪಿಗೆ ಇನ್ನೊಂದು ಹೆಸರು ಸೇರಿದೆ. ಸೆಮಾಗ್ಲುಟೈಡ್‌ನಂಥ, ಸಕ್ಕರೆ ಕಾಯಿಲೆಗೂ ತೂಕ ಇಳಿಸಲೂ ತೆಗೆದುಕೊಳ್ಳುವ ಇಂಜೆಕ್ಷನ್‌ಗಳು ಜಠರ ಖಾಲಿಯಾಗುವುದನ್ನು ನಿಧಾನಿಸುತ್ತವೆ. ವಾರಕ್ಕೊಮ್ಮೆ ತಾನೇ, ಹೇಳುವುದೇನು ಎಂದು ಬಿಡಬೇಡಿ. ಕೊನೆಯ ಚುಚ್ಚುಮದ್ದು ಯಾವತ್ತು ಎಂಬುದನ್ನು ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಿ.

ಇನ್ನು ಗಾಯದ ಕೀವು. ಆಪರೇಷನ್ ಜಾಗದ ಕೂದಲನ್ನು ಹಿಂದಿನ ರಾತ್ರಿ ಬ್ಲೇಡಿನಿಂದ ಬೋಳಿಸುವ ಪದ್ಧತಿ ಹಲವೆಡೆ ಇನ್ನೂ ಇದೆ. ಬ್ಲೇಡು ಚರ್ಮದ ಮೇಲೆ ಕಣ್ಣಿಗೆ ಕಾಣದ ಗೀರು ಬಿಡುತ್ತದೆ, ರಾತ್ರಿಯಿಡೀ ಆ ಗೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಖಚಿತವಾಗಿ ಹೇಳಿತು: ಕೂದಲು ತೆಗೆಯಲೇಬೇಡಿ, ತೆಗೆಯಲೇಬೇಕಾದರೆ ಕ್ಲಿಪ್ಪರ್ ಬಳಸಿ. ಆಂಟಿಬಯೋಟಿಕ್‌ನದೂ ಇದೇ ಬಗೆಯ ಕತೆ. ಹೆಚ್ಚು ಬಳಕೆಯ ಸೆಫಜೋಲಿನ್ ಆದರೆ ಚರ್ಮ ಕೊಯ್ಯುವ ಮೊದಲಿನ ಒಂದು ಗಂಟೆಯೊಳಗೆ, ದೊಡ್ಡವರಿಗೆ 2 ಗ್ರಾಂ. ಆಪರೇಷನ್ ನಾಲ್ಕು ಗಂಟೆ ದಾಟಿದರೆ ಇನ್ನೊಂದು ಡೋಸ್. ಚಾಕು ಇಳಿಯುವಾಗ ಔಷಧ ಅಂಗಾಂಶದಲ್ಲಿ ತಯಾರಾಗಿರಬೇಕು. ಆಪರೇಷನ್ ಮುಗಿದ ಮೇಲೆ ಐದು ದಿನ, ಏಳು ದಿನ ಮುಂಜಾಗ್ರತೆಗೆಂದು ಮುಂದುವರಿಸಿದರೆ ಕೀವು ಕಡಿಮೆಯಾಗುವುದಿಲ್ಲ. ಭೇದಿ ಮತ್ತು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಮಾತ್ರ ಹೆಚ್ಚುತ್ತವೆ.

ಹೊಟ್ಟೆ ಮುಚ್ಚುವ ಹೊತ್ತಿಗೆ ಬರೋಣ. ಕರುಳು ತೆರೆದು ಕೆಲಸ ಮಾಡಿದ ಕೈಗವಸಿನಲ್ಲೇ, ಅದೇ ಚಿಮ್ಮಟ, ಅದೇ ಸೂಜಿ ಹಿಡಿಯುವ ಸಾಧನದಲ್ಲೇ ಚರ್ಮ ಹೊಲಿಯುವುದು ವಾಡಿಕೆ. 2022ರಲ್ಲಿ ಪ್ರಕಟವಾದ ‘ಚೀತಾ’ ಎಂಬ ಅಧ್ಯಯನ ಇದನ್ನೇ ಪ್ರಶ್ನಿಸಿತು. ಭಾರತ, ಘಾನಾ, ನೈಜೀರಿಯಾ, ರುವಾಂಡಾ, ಬೆನಿನ್, ದಕ್ಷಿಣ ಆಫ್ರಿಕಾ, ಮೆಕ್ಸಿಕೋ ಈ ಏಳು ದೇಶಗಳ 81 ಆಸ್ಪತ್ರೆ, 13,301 ರೋಗಿಗಳು. ಅರ್ಧ ಆಸ್ಪತ್ರೆಗಳಲ್ಲಿ ಹೊಟ್ಟೆ ಮುಚ್ಚುವ ಮೊದಲು ಇಡೀ ತಂಡ ಹೊಸ ಗ್ಲೌಸ್ ತೊಟ್ಟು, ಮುಚ್ಚಲಿಕ್ಕೆಂದೇ ಬೇರೆ ಇಟ್ಟಿದ್ದ ಕ್ರಿಮಿಮುಕ್ತ ಸಾಧನಗಳನ್ನು ಎತ್ತಿಕೊಂಡಿತು. 30 ದಿನ ಕಳೆದಾಗ ಗಾಯದ ಸೋಂಕು ಶೇ 18.9ರ ಬದಲು ಶೇ 16 ಆಗಿತ್ತು. ನೂರಕ್ಕೆ ಮೂವರು ಸೋಂಕಿನಿಂದ ಪಾರಾದರು ಅನ್ನಿ. ಒಂದೆರಡು ಜೊತೆ ಗ್ಲೌಸ್‌ನ ಖರ್ಚಿಗೆ ಸಿಕ್ಕ ಲಾಭ ಇದು. ನನ್ನ ದೃಷ್ಟಿಯಲ್ಲಿ ಈ ದಶಕದ ಅತಿ ಅಗ್ಗದ ಆವಿಷ್ಕಾರ.

ಇದೇ ತಂಡ ಹಿಂದಿನ ವರ್ಷ ಇನ್ನೊಂದು ಪ್ರಶ್ನೆ ಕೇಳಿತ್ತು. ಕೊಯ್ಯುವ ಮೊದಲು ಚರ್ಮಕ್ಕೆ ಆಲ್ಕೊಹಾಲ್ ಬೆರೆತ ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡೀನ್ ಹಚ್ಚಿದರೆ, ಕ್ರಿಮಿನಾಶಕ ಲೇಪಿಸಿದ ದುಬಾರಿ ದಾರ ಬಳಸಿದರೆ ಕೀವು ಕಡಿಮೆಯಾಗುತ್ತದೆಯೇ? ಈ ದೇಶಗಳಲ್ಲೇ 5,788 ರೋಗಿಗಳನ್ನು ನೋಡಿದರೂ ವ್ಯತ್ಯಾಸ ಕಾಣಲಿಲ್ಲ. ಹಳೆಯ ಪೊವಿಡೋನ್ ಅಯೋಡಿನ್, ಸಾದಾ ದಾರವೇ ಸಾಕಾಯಿತು. ಬೇಡ ಎಂದು ತೋರಿಸಿಕೊಡುವುದೂ ಸಂಶೋಧನೆಯೇ, ಅದಕ್ಕೆ ಸುದ್ದಿಯ ಬೆಲೆ ಕಡಿಮೆ ಅಷ್ಟೇ.

ಹೊಲಿಗೆಯ ಅಂತರ ನನಗೆ ಬಹಳ ಇಷ್ಟದ ವಿಷಯ. ಹೊಟ್ಟೆಯ ನಡುಗೆರೆಯಲ್ಲಿ ಕೊಯ್ದು ಮುಚ್ಚುವಾಗ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಸೂಜಿ ಹಾಕಿ, ಒಂದು ಸೆಂಟಿಮೀಟರ್ ಬಿಟ್ಟು ಮುಂದಿನದು ಹಾಕುವುದು ಹಳೆಯ ಪಾಠ. ಹೆಚ್ಚು ಹಿಡಿದಷ್ಟೂ ಗಟ್ಟಿ ಎಂಬ ನಂಬಿಕೆ. ಆಗುವುದು ತಿರುಗುಮುರುಗು. ದೊಡ್ಡ ಹಿಡಿತದಲ್ಲಿ ಕೊಬ್ಬು, ಸ್ನಾಯು ಎಲ್ಲ ಸಿಕ್ಕಿ ಹಿಸುಕಿಹೋಗುತ್ತವೆ, ರಕ್ತ ಓಡದೆ ಸಾಯುತ್ತವೆ. ಸತ್ತ ಭಾಗ ಕರಗಿದ ಮೇಲೆ ದಾರ ಸಡಿಲ, ಅಂಚು ದೂರ. ಆ ಸಂದಿಯಲ್ಲಿ ಮುಂದೆ ಹರ್ನಿಯಾ. ನೆದರ್ಲೆಂಡ್ಸ್‌ನ 560 ರೋಗಿಗಳ ಮೇಲೆ ನಡೆದು 2015ರಲ್ಲಿ ಹೊರಬಂದ ಅಧ್ಯಯನದಲ್ಲಿ ಅರ್ಧ ಜನಕ್ಕೆ ತೆಳು ದಾರ, ಚಿಕ್ಕ ಸೂಜಿಯಿಂದ 5 ಮಿಲಿಮೀಟರ್ ಒಳಗೆ, 5 ಮಿಲಿಮೀಟರ್‌ಗೊಂದು ಹೊಲಿಗೆ ಹಾಕಿದರು. ಕೊಬ್ಬು, ಸ್ನಾಯು ಬಿಟ್ಟು ಬಿಳಿಯ ಗಟ್ಟಿ ಪದರವನ್ನಷ್ಟೇ ಹಿಡಿದರು. ಒಂದು ವರ್ಷಕ್ಕೆ ಹರ್ನಿಯಾ ಶೇ 21ರಿಂದ ಶೇ 13ಕ್ಕೆ ಇಳಿಯಿತು. ಬೇಕಾದದ್ದು ಸುಮಾರು ನಾಲ್ಕು ನಿಮಿಷ ಹೆಚ್ಚು ಸಮಯ.

ಅಳತೆ ಹೀಗೆ: ಗಾಯದ ಉದ್ದದ ಕನಿಷ್ಠ ನಾಲ್ಕರಷ್ಟು ದಾರ ಒಳಗೆ ಹೋಗಿರಬೇಕು. ಹದಿನೈದು ಸೆಂಟಿಮೀಟರ್ ಗಾಯಕ್ಕೆ ಅರವತ್ತು ಸೆಂಟಿಮೀಟರ್. ಕೊನೆಯಲ್ಲಿ ಉಳಿದ ದಾರ ಅಳೆದು ಕಳೆದರೆ ಲೆಕ್ಕ ಸಿಗುತ್ತದೆ. ಕಡಿಮೆ ಬಂದರೆ ಹೊಲಿಗೆ ವಿರಳವಾಗಿದೆ ಅಥವಾ ಬಿಗಿಯಾಗಿ ಎಳೆದಿದ್ದಾರೆ. ಅಂಚುಗಳು ಒಂದನ್ನೊಂದು ತಾಗಿದರೆ ಸಾಕು, ಮೂಟೆ ಕಟ್ಟಿದಂತೆ ಬಿಗಿಯಬಾರದು. ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಇದು ಮೊದಲೇ ನಿಗದಿಯಾದ ಆಪರೇಷನ್‌ಗಳ ಫಲಿತಾಂಶ. ಕರುಳು ತೂತಾಗಿ, ಹೊಟ್ಟೆ ಉಬ್ಬಿ ಬಂದವರಿಗೂ ಹಾಗೇ ಅನ್ವಯಿಸಿಬಿಡುವಂತಿಲ್ಲ.

ರೋಗಿಯ ಮೈ ಬೆಚ್ಚಗಿಡುವ ವಿಷಯದಲ್ಲಿ ಸಂಶೋಧನೆ ತನ್ನನ್ನೇ ತಿದ್ದಿಕೊಂಡಿದೆ. 1996ರಲ್ಲಿ 200 ರೋಗಿಗಳ ಅಧ್ಯಯನವೊಂದರಲ್ಲಿ, ಆಪರೇಷನ್ ವೇಳೆ ಮೈಯ ಉಷ್ಣತೆ 34.7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದವರಲ್ಲಿ ಶೇ 19, 36.6ರಲ್ಲಿ ಉಳಿದವರಲ್ಲಿ ಶೇ 6 ಮಂದಿಗೆ ಗಾಯ ಸೋಂಕಾಯಿತು. ಆಮೇಲೆ 2022ರಲ್ಲಿ 5,000ಕ್ಕೂ ಹೆಚ್ಚು ಜನರಲ್ಲಿ 35.5 ಮತ್ತು 37 ಡಿಗ್ರಿಗಳನ್ನು ಹೋಲಿಸಿದರೆ ಅಂಥ ಅಂತರ ಕಾಣಲಿಲ್ಲ. 35.5ರ ಕೆಳಗೆ ಜಾರದಂತೆ ನೋಡಿಕೊಂಡರೆ ಸಾಕು, 37ಕ್ಕೆ ಹಟ ಹಿಡಿಯಬೇಕಿಲ್ಲ ಎಂದು ಇದರಿಂದ ಅರ್ಥವಾಗುತ್ತದೆ.

ಇನ್ನು ವಾರ್ಡಿಗೆ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಕರುಳಿನ ಆಪರೇಷನ್ ಆದವರನ್ನು ಅಂದೇ ಎಬ್ಬಿಸಿ ಕೂರಿಸಿ, ಬೇಗ ಬಾಯಿಗೆ ಆಹಾರ ಕೊಟ್ಟು, ಮೂಗಿನ ನಳಿಕೆಯನ್ನು ಸುಮ್ಮನೆ ಇಡದೆ ನೋಡಿದರು. ಕರುಳು ಬೇಗ ಎಚ್ಚರಗೊಂಡಿತು, ಮನೆಗೆ ಹೋಗುವ ದಿನ ಹತ್ತಿರ ಬಂತು. ಆದರೆ ಎಬ್ಬಿಸುವುದಕ್ಕೂ ಕ್ರಮವಿದೆ. ಮೊದಲು ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೆಲವು ನಿಮಿಷ ಕೂತು, ತಲೆ ಸುತ್ತದಿದ್ದರೆ ಮಾತ್ರ ಪಕ್ಕದಲ್ಲಿ ಒಬ್ಬರ ಆಸರೆಯಲ್ಲಿ ನಿಲ್ಲಬೇಕು. ಕೆಮ್ಮುವಾಗ ದಿಂಬನ್ನು ಹೊಟ್ಟೆಗೆ ಅವಚಿಕೊಂಡರೆ ಹೊಲಿಗೆಯ ನೋವು ತಾಳಬಹುದು, ಕಫವೂ ಹೊರಬರುತ್ತದೆ.

ಕೊನೆಗೆ ಗಾಯದ ಬಗ್ಗೆ ಒಂದು ಮಾತು. ಮೇಲೆ ಹೇಳಿದ ಏಳು ದೇಶಗಳ ಎರಡು ಅಧ್ಯಯನಗಳು 30 ದಿನ ಕಾದದ್ದಕ್ಕೆ ಕಾರಣವಿದೆ: ಕೀವು ಎಷ್ಟೋ ಬಾರಿ ಆಸ್ಪತ್ರೆಯಲ್ಲಿ ಕಾಣುವುದಿಲ್ಲ, ಮನೆಗೆ ಬಂದ ಮೇಲೆ ಕಾಣುತ್ತದೆ. ಗಾಯದ ಸುತ್ತ ಕೆಂಪು ಹರಡುತ್ತಾ ಹೋದರೆ, ಮೊದಲು ಇಳಿಯುತ್ತಿದ್ದ ನೋವು ಮತ್ತೆ ಏರಿದರೆ, ಬಟ್ಟೆಗೆ ಹಳದಿ ದ್ರವ ಅಂಟಿದರೆ, ಜ್ವರ ಬಂದರೆ ಅದೇ ದಿನ ಹೋಗಿ ತೋರಿಸಿ. ಹೊಟ್ಟೆಯ ಗಾಯದಿಂದ ಒಮ್ಮೆಲೇ ಗುಲಾಬಿ ಬಣ್ಣದ ನೀರು ಹರಿದರೆ ಒಳಗಿನ ಹೊಲಿಗೆ ಬಿಟ್ಟಿರಬಹುದು. ಒದ್ದೆ ಸ್ವಚ್ಛ ಬಟ್ಟೆ ಮುಚ್ಚಿ, ಏನೂ ತಿನ್ನದೆ, ಮಲಗಿಸಿಕೊಂಡೇ ಆಸ್ಪತ್ರೆಗೆ ಕರೆದೊಯ್ಯಬೇಕು. ನಮಸ್ಕಾರ.