ಅಪ್ಪ ‘ದೇ’ ಆದದ್ದು ಹೇಗೆ?

ಕೇಳುಗರಿಗೆಲ್ಲ ನಮಸ್ಕಾರ.

“ಮೈ ಫಾದರ್ ಹ್ಯಾಸ್ ಗಾನ್ ಟು ಮೈಸೂರು, ದೇ ವಿಲ್ ಕಮ್ ಟುಮಾರೋ.” ಹೀಗೆ ಹೇಳುವ ಮಕ್ಕಳನ್ನು ನೀವೂ ನೋಡಿರುತ್ತೀರಿ. ಇಂಗ್ಲಿಷ್ ಪಾಠ ಮಾಡುವ ನನಗಂತೂ ಇದು ದಿನಾ ಕಿವಿಗೆ ಬೀಳುತ್ತದೆ. ತಪ್ಪು, ನಿಜ. ಆದರೆ ದಯವಿಟ್ಟು ಆ ಮಗುವನ್ನು ಬೈಯಬೇಡಿ. ಅದಕ್ಕೆ ಕನ್ನಡ ಚೆನ್ನಾಗಿ ಗೊತ್ತಿರುವುದರಿಂದಲೇ ಈ ತಪ್ಪಾಗಿದೆ. ಅಪ್ಪನನ್ನು ‘ಅವನು’ ಅನ್ನಲು ಅದಕ್ಕೆ ಬಾಯಿ ಬರುವುದಿಲ್ಲ, ‘ಅವರು’ ಅನ್ನಬೇಕು, ‘ಅವರು’ ಅಂದರೆ ‘ದೇ’ ಅಂತ ಯಾರೋ ಹೇಳಿಕೊಟ್ಟಿದ್ದಾರೆ, ಅಲ್ಲಿಗೆ ಒಬ್ಬ ಅಪ್ಪ ‘ದೇ’ ಆಗಿಬಿಟ್ಟರು.

ಇಂಗ್ಲಿಷಿನಲ್ಲಿ ಸರ್ವನಾಮ ಯಾವ ಹೆಸರಿನ ಬದಲಿಗೆ ಬಂದಿದೆಯೋ ಆ ಹೆಸರಿಗೆ ಹೊಂದಬೇಕು. ಒಬ್ಬರೋ ಹಲವರೋ, ಗಂಡೋ ಹೆಣ್ಣೋ ನೋಡಬೇಕು. ಗೌರವದ ಲೆಕ್ಕ ಅಲ್ಲಿಲ್ಲ. ರಾಷ್ಟ್ರಪತಿಯಾದರೂ ‘ಹೀ’ ಅಥವಾ ‘ಷೀ’ ಅಂತಲೇ ಹೇಳುತ್ತಾರೆ, ಅದು ಅಗೌರವ ಅಲ್ಲ. ಇಷ್ಟನ್ನು ಮಕ್ಕಳಿಗೆ ಬಿಡಿಸಿ ಹೇಳಿದರೆ ಅವರ ಅಂಜಿಕೆ ಅರ್ಧ ಹೋಗುತ್ತದೆ.

ಇನ್ನೊಂದು ಕಡೆ ಇದಕ್ಕೆ ಉಲ್ಟಾ. ‘ಎವ್ರಿಒನ್’ ಏಕವಚನ, ‘ಎವ್ರಿಒನ್ ಹ್ಯಾಸ್’ ಅನ್ನುತ್ತೇವೆ. ಹಾಗಾದರೆ ‘ಎವ್ರಿಒನ್ ಷುಡ್ ಬ್ರಿಂಗ್’ ಆದಮೇಲೆ ಏನು? ‘ಹಿಸ್ ಬುಕ್’ ಅಂತ ನಮಗೆ ಕಲಿಸಿದ್ದರು. ತರಗತಿಯ ತುಂಬ ಹುಡುಗಿಯರಿದ್ದರೂ ‘ಹಿಸ್’! ಗಂಡಸಿನ ಪದದಲ್ಲೇ ಹೆಂಗಸರೂ ಸೇರುತ್ತಾರೆ ಅಂತ ಬ್ರಿಟಿಷ್ ಸಂಸತ್ತು 1850ರಲ್ಲಿ ಕಾನೂನನ್ನೇ ಮಾಡಿತ್ತು, ಅದೇ ಮಾತು, ಕಾನೂನುಗಳಲ್ಲಿನ ಪದಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅಂತ ಹೇಳುವ ನಮ್ಮ ದೇಶದ 1897ರ ಜನರಲ್ ಕ್ಲಾಸಸ್ ಆಕ್ಟ್‌ನ (General Clauses Act) 13ನೇ ಸೆಕ್ಷನ್‌ನಲ್ಲೂ ಇದೆ. ಆದರೆ ಇಂಥ ಕಡೆ ‘ದೇ’, ‘ದೇರ್’ ಬಳಸುವುದು ಹೊಸದೇನಲ್ಲ, 14ನೇ ಶತಮಾನದ ಬರಹಗಳಲ್ಲೇ ಸಿಗುತ್ತದೆ. 2019ರಲ್ಲಿ ಮೆರಿಯಮ್ ವೆಬ್‌ಸ್ಟರ್ ನಿಘಂಟು ‘ದೇ’ ಪದವನ್ನೇ ವರ್ಷದ ಪದ ಅಂತ ಆರಿಸಿತು.

ನನಗೆ ತುಂಬ ಇಷ್ಟವಾಗುವ ವಿಷಯ ಇಲ್ಲಿದೆ. “ಯಾರೋ ಫೋನ್ ಮಾಡಿದ್ದರು, ಅವರು ಹೆಸರು ಹೇಳಲಿಲ್ಲ.” ಒಬ್ಬರೇ ಫೋನ್ ಮಾಡಿದ್ದು, ಗಂಡೋ ಹೆಣ್ಣೋ ಹೇಳಬೇಕಾಗಿಲ್ಲ, ‘ಅವರು’ ಸಾಕು. “ಪ್ರತಿಯೊಬ್ಬರೂ ತಮ್ಮ ಪುಸ್ತಕ ತನ್ನಿ.” ಇದೂ ಹಾಗೇ. ಅಂದರೆ ಆ ‘ದೇ’ ಮಾಡುವ ಕೆಲಸ ನಮಗೆ ಹುಟ್ಟಿನಿಂದ ಗೊತ್ತು. ಗೊತ್ತಿರುವ ಒಬ್ಬ ಅಪ್ಪನಿಗೆ ‘ದೇ’ ಬೇಡ. ಯಾರೆಂದು ಗೊತ್ತಿಲ್ಲದ ಒಬ್ಬರಿಗೆ ಧೈರ್ಯವಾಗಿ ಬಳಸಿ. ಪರೀಕ್ಷೆಯಲ್ಲಿ ತಿದ್ದುವವರು ಒಪ್ಪುತ್ತಾರೋ ಇಲ್ಲವೋ ಅನ್ನುವ ಭಯ ಇದ್ದರೆ, ‘ಆಲ್ ಸ್ಟೂಡೆಂಟ್ಸ್’ ಅಂತ ಶುರು ಮಾಡಿ, ಆಗ ‘ದೇರ್’ ಬಗ್ಗೆ ಯಾರ ತಕರಾರೂ ಇರುವುದಿಲ್ಲ.

ನಮ್ಮಲ್ಲಿದ್ದು ಇಂಗ್ಲಿಷಿನಲ್ಲಿ ಇಲ್ಲದ್ದು ‘ತನ್ನ’. “ಸೀತಾ ಟೋಲ್ಡ್ ಗೀತಾ ದಟ್ ಹರ್ ಬಸ್ ಹ್ಯಾಡ್ ಗಾನ್.” ಯಾರ ಬಸ್ಸು ಹೋಯಿತು? ಕನ್ನಡದಲ್ಲಿ ‘ತನ್ನ ಬಸ್ಸು’ ಅಂದರೆ ಸೀತಾಳದು, ಮುಗಿಯಿತು. ಇಂಗ್ಲಿಷಿನ ‘ಹರ್’ ಇಬ್ಬರಿಗೂ ಹೊಂದುತ್ತದೆ, ಗ್ರಾಮರ್ ಪ್ರಕಾರ ತಪ್ಪೂ ಇಲ್ಲ, ಆದರೆ ಅರ್ಥ ಆಗುವುದಿಲ್ಲ. ಅದಕ್ಕೆ ನಾನು ಬೋರ್ಡಿನ ಮೇಲೆ ಸರ್ವನಾಮದಿಂದ ಹಿಂದಿನ ಹೆಸರಿಗೆ ಒಂದು ಗೆರೆ ಎಳೆಸುತ್ತೇನೆ. ಗೆರೆ ಎರಡು ಹೆಸರಿಗೆ ಹೋದರೆ, ಸರ್ವನಾಮ ಅಳಿಸಿ ಹೆಸರನ್ನೇ ಇನ್ನೊಂದು ಸಲ ಬರೆಯಿರಿ.

ನಮಸ್ಕಾರ.