ಸಬ್‌ಟೈಟಲ್ ಓದಲಾರದ ಪ್ರೇಕ್ಷಕರು: ಮಕ್ಕಳ ಚಿತ್ರೋತ್ಸವದ ಕಿರುಚಿತ್ರಗಳು ಕಾಸರಗೋಡಿನ ತರಗತಿಗೆ ಬಂದರೆ

(ದೃಶ್ಯ: ಮುರಕಲ್ಲಿನ ಪಾಗಾರಗಳ ನಡುವಿನ ಕಿರಿದಾದ ಓಣಿ. ದೂರದಲ್ಲಿ ನಾಯಿಯೊಂದು ಮಲಗಿದೆ.)

ರೊಟ್ಟಿ ಕೊಂಡು ಮನೆಗೆ ಮರಳುತ್ತಿರುವ ಒಬ್ಬ ಹುಡುಗನಿಗೆ ಓಣಿಯಲ್ಲಿ ಒಂದು ನಾಯಿ ಅಡ್ಡವಾಗುತ್ತದೆ. ಮುಂದೆ ಹೋಗಲು ಧೈರ್ಯವಿಲ್ಲ, ಬೇರೆ ದಾರಿಯೂ ಇಲ್ಲ. ಆ ಕಡೆ ಬಂದ ಮುದುಕರೊಬ್ಬರ ಬೆನ್ನಿಗೆ ಅಂಟಿಕೊಂಡು ದಾಟಿಬಿಡೋಣವೆಂದರೆ, ಅವರು ನಾಯಿಯ ಬಳಿಗೆ ತಲುಪುವ ಮೊದಲೇ ಬೇರೊಂದು ಓಣಿಗೆ ತಿರುಗಿಬಿಡುತ್ತಾರೆ. ಕೊನೆಗೆ ಹುಡುಗ ತನ್ನ ಕೈಯಲ್ಲಿದ್ದ ರೊಟ್ಟಿಯಿಂದ ಒಂದು ತುಂಡನ್ನು ಮುರಿದು ಎಸೆಯುತ್ತಾನೆ. ಇರಾನಿನ ಅಬ್ಬಾಸ್ ಕಿಯಾರೊಸ್ತಮಿ 1970ರಲ್ಲಿ ಮಾಡಿದ ಅವರ ಮೊದಲ ಚಿತ್ರ ಇದು. ಹತ್ತು ನಿಮಿಷದ ಆಸುಪಾಸಿನ ಈ ಚಿತ್ರವು ‘ಬ್ರೆಡ್ ಆ್ಯಂಡ್ ಆ್ಯಲಿ’ ಎಂಬ ಹೆಸರಿನಿಂದ ಹೊರದೇಶಗಳಲ್ಲಿ ಪರಿಚಿತವಾಗಿದೆ. ಮಕ್ಕಳಿಗಾಗಿ ಗ್ರಂಥಾಲಯಗಳನ್ನು ನಡೆಸಲು 1965ರಲ್ಲಿ ಟೆಹರಾನಿನಲ್ಲಿ ಹುಟ್ಟಿದ ಕಾನೂನ್ ಎಂಬ ಸಂಸ್ಥೆಯೇ ಇದನ್ನು ನಿರ್ಮಿಸಿತು.

ಕುಂಬಳೆಯ ಅಥವಾ ಬದಿಯಡ್ಕದ ಮೂರನೆಯ ತರಗತಿಯ ಮಗುವಿಗೆ ಈ ಚಿತ್ರವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಂಗಿನ ತೋಟದ ಬದಿಯ ಓಣಿಯಲ್ಲಿ ನಾಯಿಗೆ ಹೆದರಿ ನಿಂತ ಅನುಭವ ಆ ಮಗುವಿಗೂ ಉಂಟು. ಆದರೆ ಚಿತ್ರೋತ್ಸವಗಳಿಗೆ ಬರುವ ಎಲ್ಲ ಕಿರುಚಿತ್ರಗಳೂ ಹೀಗೆ ಮಾತಿಲ್ಲದೆ ಸಾಗುವುದಿಲ್ಲ. ನಮ್ಮ ಇಂದಿನ ವಿಷಯ ಆರಂಭವಾಗುವುದು ಅಲ್ಲಿಂದ.

(ದೃಶ್ಯ: ಭೂಪಟದಲ್ಲಿ ಜ್ಲೀನ್, ಜಿಫೋನಿ, ಬರ್ಲಿನ್)

ಮಕ್ಕಳ ಚಿತ್ರಗಳಿಗೆಂದೇ ಉತ್ಸವ ನಡೆಸುವುದು ಹೊಸತೇನಲ್ಲ. ಈಗಿನ ಚೆಕ್ ಗಣರಾಜ್ಯದ ಜ್ಲೀನ್ ಪಟ್ಟಣದಲ್ಲಿ 1961ರಲ್ಲಿ, ಇಟಲಿಯ ಜಿಫೋನಿಯಲ್ಲಿ 1971ರಲ್ಲಿ, ಭಾರತದಲ್ಲಿ 1979ರಲ್ಲಿ ಇಂತಹ ಉತ್ಸವಗಳು ಮೊದಲಾದವು. ಬರ್ಲಿನ್ ಚಿತ್ರೋತ್ಸವವು 1978ರಲ್ಲಿ ಮಕ್ಕಳ ವಿಭಾಗವೊಂದನ್ನು ತೆರೆಯಿತು. ಅಲ್ಲಿ ಮಕ್ಕಳೇ ತೀರ್ಪುಗಾರರಾಗಿ ಕುಳಿತು, ಒಂದು ಪೂರ್ಣಾವಧಿ ಚಿತ್ರಕ್ಕೂ ಒಂದು ಕಿರುಚಿತ್ರಕ್ಕೂ ಸ್ಫಟಿಕದ ಕರಡಿ ಎಂಬ ಪ್ರಶಸ್ತಿಯನ್ನು ಕೊಡುತ್ತಾರೆ. ಕಿರುಚಿತ್ರವೆಂದರೆ ಎಷ್ಟು ಕಿರಿದು ಎಂಬುದಕ್ಕೆ ಉತ್ಸವದಿಂದ ಉತ್ಸವಕ್ಕೆ ಬೇರೆ ಬೇರೆ ಅಳತೆಗಳಿವೆ. ಆಸ್ಕರ್ ಪ್ರಶಸ್ತಿಯವರು 40 ನಿಮಿಷದವರೆಗೆ ಒಪ್ಪುತ್ತಾರೆ. ಮಕ್ಕಳ ವಿಭಾಗಕ್ಕೆ ಬರುವ ಅನೇಕ ಚಿತ್ರಗಳು ಹದಿನೈದು ನಿಮಿಷವನ್ನೂ ದಾಟುವುದಿಲ್ಲವಾದ್ದರಿಂದ, ಐದಾರು ದೇಶಗಳ ಚಿತ್ರಗಳನ್ನು ಪೋಣಿಸಿ ಒಂದು ಗಂಟೆಯ ಒಂದೇ ಪ್ರದರ್ಶನವನ್ನಾಗಿ ಮಾಡುವುದು ವಾಡಿಕೆ. ಜಿಫೋನಿಯಲ್ಲಿ ಮೂರು ವರ್ಷದವರಿಗೆ, ಆರು ವರ್ಷದವರಿಗೆ, ಹತ್ತು ವರ್ಷದವರಿಗೆ ಎಂದು ವಯಸ್ಸಿಗೆ ತಕ್ಕಂತೆ ಬೇರೆ ವಿಭಾಗಗಳೇ ಇವೆ.

(ದೃಶ್ಯ: ಪರದೆಯ ಕೆಳಗೆ ಎರಡು ಸಾಲಿನ ಸಬ್‌ಟೈಟಲ್ ಮೂಡಿ ಮರೆಯಾಗುತ್ತದೆ.)

ಹೀಗೆ ಒಂದು ಗಂಟೆಯಲ್ಲಿ ಐದು ಭಾಷೆಗಳು ಕಿವಿಗೆ ಬಿದ್ದರೆ ಮಗು ಏನು ಮಾಡಬೇಕು? ದೊಡ್ಡವರಾದರೆ ಸಬ್‌ಟೈಟಲ್ ಓದಿಕೊಳ್ಳುತ್ತಾರೆ. ಎರಡು ಸಾಲಿನ ಸಬ್‌ಟೈಟಲ್ ಪರದೆಯ ಮೇಲೆ ಸಾಮಾನ್ಯವಾಗಿ ಆರೇಳು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಷ್ಟರಲ್ಲಿ ಅಕ್ಷರ ಕೂಡಿಸಿ ಓದುವ ಮಗು ಮೊದಲ ಪದದಲ್ಲೇ ಉಳಿದಿರುತ್ತದೆ, ಚಿತ್ರವನ್ನಂತೂ ನೋಡಿಯೇ ಇರುವುದಿಲ್ಲ. ಕಾಸರಗೋಡಿನಲ್ಲಿ ಈ ತೊಡಕಿಗೆ ಇನ್ನೊಂದು ಗಂಟೂ ಸೇರಿಕೊಂಡಿದೆ. ಇಲ್ಲಿನ ಕನ್ನಡ ಮಾಧ್ಯಮದ ಮಗು ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಬ್ಯಾರಿಯನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಆಡಿ, ಪೇಟೆಯಲ್ಲಿ ಮಲಯಾಳವನ್ನು ಕೇಳಿ, ಶಾಲೆಯಲ್ಲಿ ಕನ್ನಡವನ್ನು ಓದುತ್ತದೆ. ಚಿತ್ರದ ಕೆಳಗೆ ಬರುವ ಸಾಲುಗಳು ಮಾತ್ರ ಇಂಗ್ಲಿಷಿನಲ್ಲಿಯೋ, ರಾಜ್ಯದಲ್ಲೇ ಸಿದ್ಧವಾದ ಪ್ರತಿಯಾದರೆ ಮಲಯಾಳ ಲಿಪಿಯಲ್ಲಿಯೋ ಇರುತ್ತವೆ. ಕನ್ನಡ ಸಬ್‌ಟೈಟಲ್ ಬೇಕೆಂಬುದು ನ್ಯಾಯವಾದ ಬೇಡಿಕೆಯೇ ಹೌದು. ಆದರೆ ಸಣ್ಣ ತರಗತಿಗಳ ಮಟ್ಟಿಗೆ ಅದೂ ಉತ್ತರವಲ್ಲವೆಂದು ನನಗೆ ಅನಿಸುತ್ತದೆ, ಏಕೆಂದರೆ ಕನ್ನಡದಲ್ಲಿದ್ದರೂ ಆ ಸಾಲುಗಳು ಆರು ಸೆಕೆಂಡಿನಲ್ಲಿ ಹೋಗಿಬಿಡುತ್ತವೆ.

(ದೃಶ್ಯ: ಕತ್ತಲ ಕೋಣೆ, ಮೇಜಿನ ದೀಪ, ಮೈಕಿನ ಮುಂದೆ ಕಾಗದ ಹಿಡಿದು ಕುಳಿತ ಶಿಕ್ಷಕಿ)

ಬರ್ಲಿನ್ನಿನ ಮಕ್ಕಳ ವಿಭಾಗದಲ್ಲಿ ಇದಕ್ಕೆ ಸರಳವಾದ ದಾರಿಯೊಂದನ್ನು ಕಂಡುಕೊಂಡಿದ್ದಾರೆ. ಚಿತ್ರ ಮೂಲಭಾಷೆಯಲ್ಲಿಯೇ ಓಡುತ್ತದೆ, ಮತ್ತು ಚಿತ್ರಮಂದಿರದಲ್ಲಿಯೇ ಕುಳಿತ ಒಬ್ಬರು ಮೈಕಿನಲ್ಲಿ ಸಂಭಾಷಣೆಯನ್ನು ಜರ್ಮನ್ ಭಾಷೆಯಲ್ಲಿ ಅಲ್ಲಲ್ಲೇ ಹೇಳುತ್ತಾ ಹೋಗುತ್ತಾರೆ. ಡಬ್ಬಿಂಗ್‌ನಂತೆ ಇಲ್ಲಿ ಮೂಲ ಧ್ವನಿ ಅಳಿಯುವುದಿಲ್ಲ. ಪರದೇಶದ ಮಗುವಿನ ದನಿಯೂ ಕೇಳುತ್ತದೆ, ಅದರ ಅರ್ಥವೂ ತಿಳಿಯುತ್ತದೆ. ಮೂಕಿ ಚಿತ್ರಗಳ ಕಾಲದಲ್ಲಿ ಜಪಾನಿನ ಬೆನ್ಶಿ ಎಂಬ ನಿರೂಪಕರು ಪರದೆಯ ಪಕ್ಕದಲ್ಲಿ ನಿಂತು ಕಥೆ ಹೇಳುತ್ತಿದ್ದರು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಸೀಮೆಗೆ ಇದು ಅಪರಿಚಿತ ವಿದ್ಯೆಯಲ್ಲ. ಬರೆದಿಟ್ಟ ಮಾತಿಲ್ಲದೆ ಪದ್ಯದ ಬೆನ್ನಿಗೆ ಅರ್ಥ ಹೇಳುವ ತಾಳಮದ್ದಳೆ ಇಲ್ಲಿ ಮನೆಮನೆಯ ಜಗಲಿಯಲ್ಲಿ ಬೆಳೆದದ್ದು, ಗೊಂಬೆಯ ಹಿಂದೆ ನಿಂತು ದನಿ ಕೊಡುವ ಯಕ್ಷಗಾನ ಬೊಂಬೆಯಾಟವೂ ಕಾಸರಗೋಡಿನಲ್ಲಿ ಉಂಟು. ಆದರೆ ಒಂದು ಎಚ್ಚರಿಕೆ ಬೇಕು. ಅರ್ಥಧಾರಿಯ ಹೆಗ್ಗಳಿಕೆಯಿರುವುದು ಮಾತನ್ನು ಬೆಳೆಸುವುದರಲ್ಲಿ. ಕಿರುಚಿತ್ರಕ್ಕೆ ದನಿ ಕೊಡುವವರ ಹೆಗ್ಗಳಿಕೆಯಿರುವುದು ಮಾತನ್ನು ಕಡಿಮೆ ಮಾಡುವುದರಲ್ಲಿ. ಪರದೆಯ ಮೇಲೆ ಹುಡುಗಿ ಅಳುತ್ತಿರುವಾಗ ‘ಅವಳಿಗೆ ದುಃಖವಾಗಿದೆ’ ಎಂದು ಮೈಕಿನಲ್ಲಿ ಹೇಳಿದರೆ ಮಕ್ಕಳ ಪಾಲಿನ ಕೆಲಸವನ್ನು ನಾವು ಕಿತ್ತುಕೊಂಡಂತಾಗುತ್ತದೆ. ಪಾತ್ರಕ್ಕೊಂದು ದನಿ ಬದಲಾಯಿಸುವ ಅಗತ್ಯವೂ ಇಲ್ಲ. ಭಾಷೆಯ ವಿಚಾರಕ್ಕೆ ಬಂದರೆ, ಪಠ್ಯಪುಸ್ತಕದ ‘ಏನಾಯಿತು’ ಎಂಬುದಕ್ಕಿಂತ ಈ ಊರಿನ ‘ಎಂತಾಯ್ತು’ ಎಂಬುದೇ ಪರದೆಯ ಮೇಲಿನ ಹುಡುಗನ ಬಾಯಿಗೆ ಚೆನ್ನಾಗಿ ಹೊಂದುತ್ತದೆ.

(ದೃಶ್ಯ: ತರಗತಿಯ ಗೋಡೆ, ಮೇಲೆ ತೂಗುಹಾಕಿದ ಪ್ರೊಜೆಕ್ಟರ್)

ಸಲಕರಣೆಗೆ ಹೆಚ್ಚು ಯೋಚಿಸಬೇಕಾಗಿಲ್ಲ. ಶಾಲೆಗಳ ತಂತ್ರಜ್ಞಾನದ ಹೊಣೆ ಹೊತ್ತ ಕೇರಳ ಸರಕಾರದ ಕೈಟ್ ಸಂಸ್ಥೆಯ ಯೋಜನೆಯಿಂದ ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್‌ಗಳು ಶಾಲೆಗಳನ್ನು ತಲುಪಿವೆ, 2020ರ ಅಕ್ಟೋಬರ್‌ನಲ್ಲಿ ರಾಜ್ಯದ ಸಾರ್ವಜನಿಕ ಶಾಲೆಗಳೆಲ್ಲ ಡಿಜಿಟಲ್ ಆದವೆಂದು ಸರಕಾರ ಘೋಷಿಸಿಯೂ ಆಗಿದೆ. ಅನುಮತಿಯ ಪ್ರಶ್ನೆ ಮಾತ್ರ ಹಗುರವಲ್ಲ. ಅಂತರ್ಜಾಲದಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಒಂದು ಚಿತ್ರವನ್ನು ನೂರು ಮಂದಿಯ ಮುಂದೆ ತೋರಿಸುವ ಹಕ್ಕು ನಮಗೆ ಬರುವುದಿಲ್ಲವಾದ್ದರಿಂದ, ನಿರ್ಮಾಪಕರಿಗೋ ವಿತರಕರಿಗೋ ಒಂದು ಪತ್ರ ಬರೆಯಬೇಕು. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯು ತನ್ನ ನೂರಾರು ಚಿತ್ರಗಳನ್ನು ಸ್ವಂತ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಮೊದಲು ತಾವು ನೋಡಿ ಆಯ್ದುಕೊಳ್ಳಬೇಕೆನ್ನುವ ಶಿಕ್ಷಕರಿಗೆ ಅದು ಒಳ್ಳೆಯ ಕಣಜ.

ಮೊದಲ ಪ್ರದರ್ಶನವನ್ನು ಮಾತಿಲ್ಲದ ಚಿತ್ರಗಳಿಂದಲೇ ಕಟ್ಟುವುದು ಕ್ಷೇಮ. ಸತ್ಯಜಿತ್ ರಾಯ್ 1964ರಲ್ಲಿ ಮಾಡಿದ, ಸುಮಾರು ಹನ್ನೆರಡು ನಿಮಿಷದ ‘ಟೂ’ ಎಂಬ ಕಪ್ಪುಬಿಳುಪು ಚಿತ್ರದಲ್ಲಿ ಒಂದೂ ಸಂಭಾಷಣೆಯಿಲ್ಲ. ಆಟಿಕೆಗಳ ರಾಶಿಯ ನಡುವೆ ಒಬ್ಬನೇ ಇರುವ ಸಿರಿವಂತರ ಹುಡುಗ ಕಿಟಕಿಯಲ್ಲಿ. ಕೊಳಲು ಹಿಡಿದ ಗುಡಿಸಲಿನ ಹುಡುಗ ಕೆಳಗೆ ಬಯಲಿನಲ್ಲಿ. ಇವನು ಗಾಳಿಪಟ ಹಾರಿಸಿದರೆ ಅವನು ಆಟಿಕೆಯ ಕೋವಿಯಿಂದ ಅದನ್ನು ಹರಿದು ಬೀಳಿಸುತ್ತಾನೆ. ಕೊನೆಯಲ್ಲಿ ಹೊರಗಿನಿಂದ ಮತ್ತೆ ಕೊಳಲಿನ ದನಿ ಕೇಳಿಬರುತ್ತಿರುವಾಗ, ಒಳಗೆ ಯಂತ್ರದ ಗೊಂಬೆಯೊಂದು ನಡೆದು ಬಂದು ಆಟಿಕೆಯ ಗೋಪುರವನ್ನು ಉರುಳಿಸುತ್ತದೆ. ಆ ಕೊಳಲು ಕೇಳಿಸದಿದ್ದರೆ ಚಿತ್ರವೇ ಇಲ್ಲ. ಹಾಗಾಗಿ ಶೀಟು ಹೊದೆಸಿದ ಮಾಡಿನ ಶಾಲೆಗಳು ಜೂನ್, ಜುಲೈ ತಿಂಗಳ ಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಮೇಲು. ಶಾಲಾ ಮಕ್ಕಳ ಕಲಾಸ್ಪರ್ಧೆಗಳಾದ ಕಲೋತ್ಸವದ ಗದ್ದಲ ಮುಗಿದ ಮೇಲೆ, ಜನವರಿಯ ಒಂದು ಶುಕ್ರವಾರದ ಮಧ್ಯಾಹ್ನದ ನಂತರ ಆಗಬಹುದು. ಕಿಟಕಿಗಳಿಗೆ ದಪ್ಪ ಬಟ್ಟೆ ಕಟ್ಟುವುದನ್ನು ಮರೆಯಬಾರದು.

(ದೃಶ್ಯ: ಮೊದಲಿನ ಓಣಿ. ನಾಯಿ ಎದ್ದು ನಿಂತಿದೆ.)

ಕಿಯಾರೊಸ್ತಮಿಯ ಚಿತ್ರವನ್ನು ಕೊನೆಗೆ ಇಡಬಹುದು. ರೊಟ್ಟಿ ತಿಂದ ನಾಯಿ ಹುಡುಗನ ಹಿಂದೆಯೇ ಬಂದು ಅವನ ಮನೆಯ ಬಾಗಿಲಲ್ಲಿ ಮಲಗುತ್ತದೆ, ಅಷ್ಟರಲ್ಲಿ ಅದೇ ಓಣಿಯಲ್ಲಿ ಬಟ್ಟಲು ಹಿಡಿದ ಇನ್ನೊಬ್ಬ ಹುಡುಗ ಬರುತ್ತಾನೆ. ದೀಪ ಹಾಕಿದ ಕೂಡಲೇ ಇದರ ನೀತಿಯೇನೆಂದು ಕೇಳುವ ಅಭ್ಯಾಸ ನಮ್ಮ ತರಗತಿಗಳಲ್ಲಿದೆ. ಅದರ ಬದಲಿಗೆ, ಆ ಎರಡನೆಯ ಹುಡುಗನ ಬಟ್ಟಲಿನಲ್ಲಿ ಎಂತ ಇದ್ದಿರಬಹುದು ಎಂದು ಕೇಳಿ ನೋಡಬಹುದು.