ಕಾಗದದ ಕಪಾಟಿಗೆ ಕೈ ಹಾಕಿದೆ: ಅಂಗಡಿಯ ಒಂದು ಬಿಲ್ಲು ಕಪ್ಪಾಗಿಹೋದ ಕಥೆ

ಕ್ಯಾಮೆರಾವನ್ನು ಕಿಟಕಿಯ ಅಂಚಿನ ಮೇಲೆ ಇಟ್ಟಿದ್ದೇನೆ, ಅದಕ್ಕೇ ಈ ವಿಡಿಯೊದ ಚಿತ್ರ ಸ್ವಲ್ಪ ವಾಲಿದೆ. ನೆಲದ ಮೇಲೆ ಹರಡಿರುವುದೆಲ್ಲ ಒಂದೇ ಕಪಾಟಿನಿಂದ ಬಂದದ್ದು, ಅದೂ ಮೇಲಿನ ಎರಡು ಖಾನೆಗಳಿಂದ ಮಾತ್ರ.

ಮನೆಯಲ್ಲಿ ಬೇಡದ್ದನ್ನೆಲ್ಲ ವಿಂಗಡಿಸಿ ತೆಗೆಯುತ್ತಿದ್ದೇನೆ. ಬಟ್ಟೆಯ ಬೀರು, ಅಡುಗೆಮನೆಯ ಡಬ್ಬಿಗಳು ಕಳೆದ ವಾರವೇ ಮುಗಿದವು. ಅವು ಸುಲಭ. ಹರಿದ ಬಟ್ಟೆ ಹರಿದಿದೆ ಎಂದು ಕಣ್ಣಿಗೇ ಕಾಣುತ್ತದೆ, ಮುಚ್ಚಳವಿಲ್ಲದ ಡಬ್ಬಿಯ ಬಗ್ಗೆ ಎರಡು ಮಾತಿಲ್ಲ. ಕಾಗದವನ್ನು ಹಾಗೆ ಮೇಲಿಂದ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಒಂದೊಂದನ್ನೂ ಬಿಡಿಸಬೇಕು, ಓದಬೇಕು, ಇದು ಯಾವಾಗಿನದು, ಯಾರಿಗೆ ಬೇಕಾದದ್ದು ಎಂದು ನೆನಪು ಮಾಡಿಕೊಳ್ಳಬೇಕು. ಅರ್ಧ ಗಂಟೆಗೇ ತಲೆ ಭಾರವಾಗುತ್ತದೆ.

ತೂಕದ ಯಂತ್ರವನ್ನು ಯಾಕೆ ತಂದೆ ಎಂದು ಕೇಳುವಿರಿ. ನಮ್ಮಲ್ಲಿ ಎಷ್ಟು ಹಾಳೆಗಳಿವೆ ಎಂದು ನನಗೆ ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು. ಮಾಮೂಲಿ ಮುದ್ರಣದ ಕಾಗದ ಚದರ ಮೀಟರಿಗೆ 80 ಗ್ರಾಂ ತೂಗುತ್ತದೆ. ಎ4 ಅಳತೆಯ 16 ಹಾಳೆ ಸೇರಿದರೆ ಒಂದು ಚದರ ಮೀಟರ್, ಅಂದರೆ ಒಂದು ಹಾಳೆಗೆ 5 ಗ್ರಾಂ. ಯಂತ್ರ 14 ಕಿಲೋ ತೋರಿಸುತ್ತಿದೆ. ಸುಮಾರು 2,800 ಹಾಳೆಗಳು! ಇಷ್ಟನ್ನು ಓದಿ ಮುಗಿಸುವ ಹೊತ್ತಿಗೆ ಇನ್ನಷ್ಟು ಬಂದು ಬೀಳುತ್ತವೆ.

ಈ ಭಾಗವನ್ನು ವೇಗವಾಗಿ ಓಡಿಸಿದ್ದೇನೆ. ಎಡಗಡೆಯದು ಉಳಿಯುವ ರಾಶಿ, ಬಲಗಡೆಯದು ಹೋಗುವ ರಾಶಿ. ಕಾಲಿನ ಬಳಿ ಇರುವುದು ಮನೆಯವರನ್ನು ಕೇಳಬೇಕಾದದ್ದು. ಎಂದೋ ಮನೆ ಬಿಟ್ಟುಹೋದ ಮಿಕ್ಸಿಯ ಕೈಪಿಡಿ ಎರಡು ಪ್ರತಿ ಇದೆ ನೋಡಿ. ಯಂತ್ರ ಹೋದ ದಿನವೇ ಅದರ ಪುಸ್ತಕವೂ ಹೋಗಬೇಕು, ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಇಲ್ಲಿ ನಿಲ್ಲಿಸಿ. ನನ್ನ ಕೈಯಲ್ಲಿರುವ ಈ ಕಪ್ಪು ಪಟ್ಟಿಯನ್ನು ನೋಡಿ. ಇದು ಬಟ್ಟೆ ಒಗೆಯುವ ಯಂತ್ರದ ಬಿಲ್ಲು.

ಯಂತ್ರ ತಂದ ದಿನ ಅಂಗಡಿಯವರು ಕೊಟ್ಟದ್ದು ತೆಳ್ಳಗಿನ, ಹೊಳೆಯುವ ಸುರುಳಿ ಕಾಗದ. ಅಂಥ ಬಿಲ್ಲು ಮಾಸಿಹೋಗುತ್ತದೆಂದು ನನಗೆ ಗೊತ್ತಿತ್ತು. ಹಿಂದೊಮ್ಮೆ ಇಸ್ತ್ರಿಪೆಟ್ಟಿಗೆಯ ಬಿಲ್ಲು ಖಾಲಿ ಕಾಗದವಾಗಿ ಕೈಗೆ ಬಂದಿತ್ತು. ಈ ಸಲ ಹಾಗಾಗಬಾರದು ಎಂದು ಅಂದೇ ರಾತ್ರಿ ಕುಳಿತು, ಮಗಳ ಶಾಲೆಯ ಕೆಲಸಕ್ಕೆಂದು ತಂದಿದ್ದ ಲ್ಯಾಮಿನೇಶನ್ ಯಂತ್ರಕ್ಕೆ ಅದನ್ನು ಕೊಟ್ಟೆ. ಈ ಕಡೆಯಿಂದ ಬಿಳಿಯ ಬಿಲ್ಲು ಒಳಗೆ ಹೋಯಿತು. ಆ ಕಡೆಯಿಂದ ಮೊದಲು ಬೂದು ಅಂಚು ಬಂತು, ಹಿಂದೆಯೇ ಕಪ್ಪು. ಹಿಂದಕ್ಕೆ ಎಳೆಯಲು ನೋಡಿದೆ, ಉರುಳೆ ಬಿಡಲಿಲ್ಲ. ಹತ್ತು ಸೆಕೆಂಡಿನಲ್ಲಿ ತಾರೀಖು, ಮೊತ್ತ, ಕ್ರಮಸಂಖ್ಯೆ ಎಲ್ಲವೂ ಮುಳುಗಿಹೋದವು. ಪ್ಲಾಸ್ಟಿಕ್ ಮಾತ್ರ ಎಷ್ಟು ಅಚ್ಚುಕಟ್ಟಾಗಿ ಅಂಟಿದೆ ನೋಡಿ, ಒಂದು ಗುಳ್ಳೆಯಿಲ್ಲ. ಅದನ್ನು ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಏಕೆ ಹೀಗಾಯಿತೆಂದು ಆಮೇಲೆ ತಿಳಿದುಕೊಂಡೆ. ಈ ಕಾಗದದಲ್ಲಿ ಶಾಯಿಯೇ ಇರುವುದಿಲ್ಲ. ಮೇಲ್ಮೈಯ ಲೇಪನದಲ್ಲಿ ಬಣ್ಣ ಕಾಣದ ಒಂದು ವರ್ಣದ್ರವ್ಯವೂ ಅದರ ಬಣ್ಣ ಹೊರತರುವ ಆಮ್ಲೀಯ ವಸ್ತುವೊಂದೂ ಅಕ್ಕಪಕ್ಕ ಇರುತ್ತವೆ. ಮುದ್ರಕದ ತಲೆ ಬಿಸಿಯಾಗಿ ಎಲ್ಲಿ ತಾಗುತ್ತದೆಯೋ ಅಲ್ಲಿ ಎರಡೂ ಕರಗಿ ಕೂಡಿಕೊಂಡು ಕಪ್ಪಾಗುತ್ತವೆ, ಅದೇ ಅಕ್ಷರ. ನೂರು ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾದ ಉರುಳೆಯ ನಡುವೆ ನಾನು ಇಡೀ ಕಾಗದವನ್ನೇ ತೂರಿಸಿದರೆ ಅದು ಇಡಿಯಾಗಿ ಅಕ್ಷರವಾಗದೆ ಇನ್ನೇನು ಮಾಡೀತು?

ಹನ್ನೊಂದನೆಯ ತಿಂಗಳಲ್ಲಿ ಯಂತ್ರದ ಮೋಟರು ನಿಂತಿತು. ವಾರಂಟಿ ಇನ್ನೂ ಇತ್ತು. ದುರಸ್ತಿಯವರು ಬಿಲ್ಲು ಕೇಳಿದರು, ನಾನು ಈ ಕಪ್ಪು ಪಟ್ಟಿಯನ್ನು ಚಾಚಿದೆ. "ಮೇಡಂ, ಇದರಲ್ಲಿ ಏನೂ ಕಾಣುವುದಿಲ್ಲವಲ್ಲ" ಎಂದರು. ಅವರ ಮೇಲೆ ಸಿಟ್ಟು ಬಂದಿತ್ತು, ಈಗಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕೊನೆಗೆ ಹಣ ಸಂದಾಯವಾದ ಬ್ಯಾಂಕಿನ ವಿವರ ತೆಗೆದು, ಯಂತ್ರದ ಬೆನ್ನಿಗೆ ಅಂಟಿಸಿದ್ದ ಚೀಟಿಯ ಕ್ರಮಸಂಖ್ಯೆ ಬರೆದುಕೊಂಡು, ಅಂಗಡಿಗೆ ಮೂರು ಸಲ ಹೋಗಿ ಬಿಲ್ಲಿನ ಪ್ರತಿ ತಂದೆ. ಆ ಮೂರು ವಾರ ಬಟ್ಟೆಯೆಲ್ಲ ಕೈಯಲ್ಲೇ ಒಗೆದದ್ದು. ಆ ಯಂತ್ರದ ಪಕ್ಕದಲ್ಲೇ ಕುಳಿತು ಒಗೆಯುತ್ತಿದ್ದೆ.

ನಿಮ್ಮ ಬಿಲ್ಲು ಯಾವ ಜಾತಿಯದೆಂದು ತಿಳಿಯುವುದು ಸುಲಭ. ಒಂದು ಮೂಲೆಯನ್ನು ಉಗುರಿನಿಂದ ಜೋರಾಗಿ ಗೀರಿ. ಕ್ಯಾಮೆರಾದ ಹತ್ತಿರ ತರುತ್ತೇನೆ, ಗೆರೆ ಕಾಣುತ್ತಿದೆಯೇ? ಉಜ್ಜಿದ ಬಿಸಿಗೇ ಕಪ್ಪಾಯಿತು. ಇಂಥದ್ದನ್ನು ಮನೆಗೆ ತಂದ ದಿನವೇ ಫೋಟೊ ತೆಗೆಯಬೇಕು, ಒಂದು ಜೆರಾಕ್ಸ್ ಮಾಡಿಸಬೇಕು. ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿ ಇಡಲೇಬಾರದು. ಅಂಥ ಚೀಲ ಸಾಮಾನ್ಯವಾಗಿ ಪಿವಿಸಿ ಎಂಬ ಪ್ಲಾಸ್ಟಿಕ್ಕಿನದು, ಅದನ್ನು ಮೆತ್ತಗೆ ಮಾಡುವ ಎಣ್ಣೆಯಂಥ ವಸ್ತು ತಾಗಿದರೆ ಅಕ್ಷರ ಮಾಸುತ್ತದೆ, ಕೈಗೆ ಹಚ್ಚುವ ಸ್ಯಾನಿಟೈಸರ್‌ ಕೂಡ ಕೆಡಿಸುತ್ತದೆ. ಹಾಂ, ಇವುಗಳನ್ನು ವಿಂಗಡಿಸಿದ ಮೇಲೆ ಕೈ ತೊಳೆಯಿರಿ. ಇಂಥ ಕಾಗದದ ಲೇಪನದಲ್ಲಿ ಬಿಸ್ಫಿನಾಲ್ ಎ ಎಂಬ, ದೇಹಕ್ಕೆ ಒಳ್ಳೆಯದಲ್ಲದ ರಾಸಾಯನಿಕ ಬಹಳ ಕಾಲ ಬಳಕೆಯಲ್ಲಿತ್ತು. ಐರೋಪ್ಯ ಒಕ್ಕೂಟ 2020ರ ಜನವರಿಯಿಂದ ಅದನ್ನು ತೂಕದ ಶೇ. 0.02ರ ಮಿತಿಯೊಳಗೆ ತಂದಿದೆ, ಎಲ್ಲ ಕಡೆ ಆ ನಿಯಮವಿಲ್ಲ. ರದ್ದಿಯ ಜೊತೆಗೂ ಬೆರೆಸಬೇಡಿ, ಅದು ಮತ್ತೆ ಒಳ್ಳೆಯ ಕಾಗದವಾಗುವುದಿಲ್ಲ.

ಅಯ್ಯೋ, ಶಾಟ್ ಮುಗಿಯುತ್ತಾ ಬಂತು. ಬಲಗಡೆಯ ರಾಶಿ ಆಗಲೇ ಚೀಲದೊಳಗೆ ಹೋಗಿದೆ.

ಖಾತೆಯ ಸಂಖ್ಯೆ, ಸಹಿ ಇದ್ದವನ್ನು ಬೇರೆ ತೆಗೆದು ಬಕೆಟ್ಟಿನಲ್ಲಿ ನೆನೆಹಾಕಿದ್ದೇನೆ. ಚೂರು ಮಾಡುವ ಯಂತ್ರ ನಮ್ಮಲ್ಲಿಲ್ಲ. ರಾತ್ರಿಯಿಡೀ ನೆನೆದ ಕಾಗದವನ್ನು ಹಿಸುಕಿ ಹಿಟ್ಟು ಮಾಡಿದರೆ ಯಾರಿಗೂ ಓದಲು ಬರುವುದಿಲ್ಲ.

ಈಗ ಉಳಿದದ್ದರ ಸರದಿ. ಮೊದಲು ರಬ್ಬರ್ ಬ್ಯಾಂಡುಗಳನ್ನು ಬಿಚ್ಚುತ್ತಿದ್ದೇನೆ. ಬಿಚ್ಚುತ್ತಿದ್ದೇನೆ ಎನ್ನುವುದಕ್ಕಿಂತ ಕೆರೆಯುತ್ತಿದ್ದೇನೆ ಎನ್ನಬೇಕು, ಹಳೆಯದಾಗಿ ಕಾಗದಕ್ಕೇ ಕಚ್ಚಿಕೊಂಡಿವೆ. ಸ್ಟೇಪ್ಲರ್ ಪಿನ್ನುಗಳ ತುಕ್ಕು ಹಾಳೆಯ ಆಚೆ ಬದಿಗೆ ಇಳಿದಿದೆ. ಇನ್ನೊಂದು ನೋಡಿ: ಜೆರಾಕ್ಸ್ ಪ್ರತಿಯನ್ನು ಚೀಲದಿಂದ ಎಳೆದರೆ ಅರ್ಧ ಸಾಲು ಪ್ಲಾಸ್ಟಿಕ್ಕಿಗೇ ಅಂಟಿ ಬಂತು. ಜೆರಾಕ್ಸ್‌ನ ಅಕ್ಷರವೂ ಬಿಸಿಗೆ ಕರಗಿಸಿ ಕೂರಿಸಿದ ಪ್ಲಾಸ್ಟಿಕ್ ಪುಡಿಯೇ, ಮೆತ್ತನೆಯ ಪಿವಿಸಿ ಅದನ್ನು ಹಿಡಿದುಕೊಳ್ಳುತ್ತದೆ. ಚೀಲ ಬೇಕೇಬೇಕೆಂದರೆ ಪಾಲಿಪ್ರೊಪಿಲೀನ್ ಎಂದು ಬರೆದಿರುವುದನ್ನೇ ಕೊಳ್ಳಿ. ಈ ಕಪಾಟಿನಲ್ಲಿ ಹೆಚ್ಚು ಹಾಳಾಗಿರುವುದು ನಾವು ಜೋಪಾನ ಮಾಡಿದ ಕಾಗದಗಳೇ. ಸುಮ್ಮನೆ ಲಕೋಟೆಯಲ್ಲಿ ಬಿದ್ದಿದ್ದವು ಹೊಸದರಂತಿವೆ.

ಲ್ಯಾಮಿನೇಶನ್ ಯಂತ್ರವನ್ನು ಇವತ್ತೇ ಮನೆಯಿಂದ ಹೊರಗೆ ಕಳಿಸುತ್ತೇನೆ ಎಂದು ಬೆಳಿಗ್ಗೆ ಹೇಳಿದ್ದೆ. ಬೇಡ, ಇರಲಿ. ಮಗಳ ವೇಳಾಪಟ್ಟಿಗೆ ಬೇಕು. ಮೂಲ ದಾಖಲೆ ಮಾತ್ರ ಅದರ ಹತ್ತಿರ ಸುಳಿಯಬಾರದು. ಒಮ್ಮೆ ಅಂಟಿದರೆ ಬಿಡಿಸಲಾಗುವುದಿಲ್ಲ, ಉಬ್ಬುಮುದ್ರೆ ಇದ್ದರೆ ಅದೂ ಚಪ್ಪಟೆಯಾಗುತ್ತದೆ.

ಇನ್ನೊಂದು ಮಾತನ್ನೂ ವಾಪಸ್ಸು ತೆಗೆದುಕೊಳ್ಳಬೇಕು. ಒಂದು ವರ್ಷ ಮುಟ್ಟದ ಕಾಗದವನ್ನು ಎಸೆಯಿರಿ ಎಂದು ಹಿಂದಿನ ವಿಡಿಯೊದಲ್ಲಿ ಖಡಾಖಂಡಿತವಾಗಿ ಹೇಳಿದ್ದೆ. ಈಗ ಬಿಡಿಸುತ್ತಿರುವ ಈ ಹಾಳೆಯನ್ನು ಹನ್ನೆರಡು ವರ್ಷದಿಂದ ಯಾರೂ ಮುಟ್ಟಿಲ್ಲ. ಮನೆ ಕಟ್ಟಿಸುವಾಗ ಮಾವನವರು ಪೆನ್ಸಿಲಿನಲ್ಲಿ ಗೆರೆ ಎಳೆದದ್ದು. ಬಚ್ಚಲಿನ ಗೋಡೆಯೊಳಗೆ ನೀರಿನ ಕೊಳವೆ ಎಲ್ಲಿಂದ ಹೊರಟು ಎಲ್ಲಿ ತಿರುಗುತ್ತದೆ, ನೆಲದಿಂದ ಎಷ್ಟು ಎತ್ತರದಲ್ಲಿ, ಎಲ್ಲವೂ ಅವರ ಕೈಬರಹದಲ್ಲಿ ಇದೆ. ಹೋದ ತಿಂಗಳು ಕನ್ನಡಿ ತೂಗುಹಾಕಲು ಅದೇ ಗೋಡೆಗೆ ರಂಧ್ರ ಕೊರೆಯಬೇಕೆಂದಿದ್ದೆವು, ಏನೋ ಕೆಲಸ ಬಂದು ತಪ್ಪಿಹೋಯಿತು. ಕೊರೆಯಬೇಕೆಂದು ಗುರುತು ಹಾಕಿದ್ದ ಜಾಗ ಸರಿಯಾಗಿ ಈ ಗೆರೆಯ ಮೇಲಿದೆ. ಮಾವನವರು ಈಗಿಲ್ಲ, ಕೇಳೋಣವೆಂದರೆ ಹೇಳುವವರು ಯಾರೂ ಇರಲಿಲ್ಲ. ಹಾಳೆ ಹಿಡಿದುಕೊಂಡು ನಾನು ಸುಮ್ಮನೆ ಕುಳಿತಿರುವ ಈ ಭಾಗವನ್ನು ಕತ್ತರಿಸಿಲ್ಲ.

ಹಾಗಾಗಿ ವರ್ಷದ ಲೆಕ್ಕ ಬಿಟ್ಟೆ. ಇದು ಕಳೆದುಹೋದರೆ ಬೇರೆ ಕಡೆಯಿಂದ ಸಿಗುತ್ತದೆಯೇ ಎಂದು ಕೇಳುತ್ತಿದ್ದೇನೆ. ಸಿಗುತ್ತದೆ ಎಂದಾದರೆ ಸ್ಕ್ಯಾನ್ ಮಾಡಿದರೆ ಸಾಕು. ಇಂಚಿಗೆ 300 ಚುಕ್ಕೆಗಳಿದ್ದರೆ ಸಣ್ಣಕ್ಷರವೂ ಓದಲು ಬರುತ್ತದೆ. ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಬರೆಯಿರಿ, ಕಂಪ್ಯೂಟರು ತಾನೇ ಸಾಲಾಗಿ ಜೋಡಿಸುತ್ತದೆ.

ರಂಧ್ರ ಹೊಡೆದು ಪೋಣಿಸುವ ಕಡತ ನನಗೆ ಇಷ್ಟವಿಲ್ಲ. ಲಕೋಟೆಗಳು, ಒಂದು ಪೆಟ್ಟಿಗೆ, ಅಷ್ಟೇ. ಹೆಸರಿಡುವಾಗ "ಇತರೆ" ಎಂದು ಮಾತ್ರ ಬರೆಯಬೇಡಿ, 14 ಕಿಲೋ ಬೆಳೆದದ್ದು ಅಲ್ಲಿಯೇ. ಯಾವ ಹೊತ್ತಿನಲ್ಲಿ ಹುಡುಕುತ್ತೇವೆಯೋ ಅದನ್ನೇ ಬರೆದಿದ್ದೇನೆ: "ಯಂತ್ರ ಕೆಟ್ಟರೆ", "ವೈದ್ಯರು ಕೇಳಿದರೆ", "ಗೋಡೆ ಕೊರೆಯುವ ಮೊದಲು". ಮೂರನೆಯದರಲ್ಲಿ ಸದ್ಯಕ್ಕೆ ಒಂದೇ ಹಾಳೆ ಇದೆ.

ಬ್ಯಾಟರಿ ಕೆಂಪು ತೋರಿಸುತ್ತಿದೆ. ಮಂಚದ ಕೆಳಗೆ ಇನ್ನೂ ಎರಡು ಸೂಟ್‌ಕೇಸ್ ಇವೆ, ಅವನ್ನು ಮುಂದಿನ ವಾರ ತೆಗೆಯುತ್ತೇನೆ. ಈಗ ಹೋಗಿ ಬಚ್ಚಲಿನ ಗೋಡೆಯ ಆ ಗುರುತನ್ನು ಅಳಿಸಬೇಕು.